ಸಿಗರೇಟು ಪ್ಯಾಕಿನ ಮೇಲೆ ನಮ್ಮಪ್ಪ

ನಮ್ಮವ್ವ ಬಂಡೆಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ ಎಂದು ಯಾರಾದರೂ ಕನಿಕರದ ದನಿಯಲ್ಲಿ ಹೇಳಿದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಬರುತ್ತಿರಲಿಲ್ಲ, ನಿಜ. ಆದರೆ ಕಮಲಾಪುರದ ಬಸ್ ಸ್ಟ್ಯಾಂಡಿನ ಎದುರು ಇಪ್ಪತ್ತಾರು ವರ್ಷ ಪಾನ್ ಅಂಗಡಿ ನಡೆಸಿದವಳು ಅವಳು. ಒಂದು ದಿನವೂ ಒಬ್ಬ ಗಿರಾಕಿಗೆ ಒಂದರ ಬದಲು ಇನ್ನೊಂದು ಮಾಲು ಕೊಟ್ಟವಳಲ್ಲ. ನಾನು ಟಿ.ಸಿ.ಎಚ್. ಮಾಡಿ, ಕಲಬುರಗಿಯ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿ, ನೂರಾರು ಮಕ್ಕಳಿಗೆ ಅಕ್ಷರ ತಿದ್ದಿಸಿದವಳು. ಒಂದು ಭಾನುವಾರ ಅವಳ ಅಂಗಡಿಯಲ್ಲಿ ಎರಡು ತಾಸು ಕೂತು ನಾಲ್ಕು ಜನರಿಗೆ ತಪ್ಪು ಬೀಡಿ ಕೊಟ್ಟೆ. ಅವ್ವ ನನ್ನನ್ನು ಎಬ್ಬಿಸಿ ಕಳಿಸಿದಳು.

ಅವಳು ಮಾಲು ಗುರುತಿಸುತ್ತಿದ್ದುದು ಚಿತ್ರದಿಂದ. ಕೋಳಿ ಛಾಪ, ಗಡಿಯಾರ ಛಾಪ, ನವಿಲು ಛಾಪ. ಬೀಡಿ ಕಟ್ಟಿನ ಮೇಲೆ ಕಂಪನಿಯ ಹೆಸರು ಎಷ್ಟೇ ದೊಡ್ಡದಾಗಿ ಬರೆದಿದ್ದರೂ ನಮ್ಮ ಕಡೆ ಅದನ್ನು ಕೇಳುವವರಿಲ್ಲ. ನವಿಲು ಒಂದು ಕಟ್ಟು ಕೊಡ್ರಿ ಎನ್ನುತ್ತಾರೆ, ಕೊಡುತ್ತಾರೆ, ಮುಗಿಯಿತು. ಸೇದುವುದು ಆರೋಗ್ಯಕ್ಕೆ ಹಾನಿಕರ ಎಂದು ಪ್ಯಾಕಿನ ಅಂಚಿಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಎಷ್ಟೋ ವರ್ಷದಿಂದ ಬರೆದಿತ್ತು. ಅದು ಅವ್ವನಿಗೂ ಗೊತ್ತಿರಲಿಲ್ಲ, ಓದು ಬಂದ ಗಿರಾಕಿಗಳಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಯಾರೂ ಸೇದುವುದನ್ನು ಬಿಟ್ಟಿರಲಿಲ್ಲ.

ಅಂಗಡಿ ಶುರುವಾದದ್ದು ಎಂಬತ್ತನಾಲ್ಕರಲ್ಲಿ. ಅದಕ್ಕೆ ಮುಂಚೆ ನಮ್ಮಪ್ಪ ದೌಲಪ್ಪ ಕಲಬುರಗಿ ಹತ್ತಿರದ ನಂದೂರಿನ ಒಂದು ದಾಲ್ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ. ಒಂದು ದಿನ ಎತ್ತರಕ್ಕೆ ಒಟ್ಟಿದ ತೊಗರಿ ಚೀಲದ ಥಪ್ಪಿ ಕುಸಿದು ಅವನ ಮೇಲೆ ಬಿತ್ತು. ಎಡ ಹೆಗಲಿನ ಮುಂದಿನ ಎಲುಬು, ಕೊರಳ ಕೆಳಗೆ ಅಡ್ಡ ಇರುತ್ತದಲ್ಲ ಅದು, ಎರಡು ತುಂಡಾಯಿತು. ಎಲುಬು ಕಟ್ಟುವವನ ಹತ್ತಿರ ಕಟ್ಟಿಸಿದರು. ಕೂಡಿಕೊಂಡಿತು, ಆದರೆ ಒಂದರ ಮೇಲೊಂದು ಏರಿ ಕೂಡಿಕೊಂಡಿತು. ಅಂಗಿ ತೆಗೆದರೆ ಅಲ್ಲೊಂದು ಗಂಟು ಕಾಣುತ್ತಿತ್ತು. ಆಮೇಲೆ ಚೀಲ ಎತ್ತುವುದಾಗಲಿಲ್ಲ. ಅವ್ವನ ತವರು ಕಮಲಾಪುರ, ಅಲ್ಲಿಗೇ ಬಂದು ಅವಳು ಅಂಗಡಿ ಹಾಕಿದಳು. ಎಲೆ, ಅಡಿಕೆ, ಬೀಡಿ, ಸಿಗರೇಟು, ಕಾಲಕ್ಕೆ ತಕ್ಕಂತೆ ಕೆಂಪು ಬಾಳೆಹಣ್ಣು.

ಆ ಅಂಗಡಿಯ ಮೊದಲ ಗಿರಾಕಿಯೂ ಖಾಯಂ ಗಿರಾಕಿಯೂ ನಮ್ಮಪ್ಪನೇ. ಹೊರಗೆ ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದವನು ಹಿಂದೆ ತಿರುಗದೆ ಕೈ ಚಾಚುತ್ತಿದ್ದ. ಅವ್ವ ಆ ಕೈಯಲ್ಲಿ ನವಿಲು ಛಾಪಿನ ಒಂದು ಕಟ್ಟು ಇಡುತ್ತಿದ್ದಳು. ಮುಂಜಾನೆ ಒಂದು, ಸಂಜೆ ಒಂದು. ಅವನು ಕೇಳುತ್ತಿರಲಿಲ್ಲ, ಅವಳು ಬೇಡ ಎನ್ನುತ್ತಿರಲಿಲ್ಲ. ಹನ್ನೆರಡು ವರ್ಷ ಹೀಗೇ ನಡೆಯಿತು.

ತೊಂಬತ್ತಾರರಲ್ಲಿ ಅಪ್ಪ ಕೆಮ್ಮಿ ಕೆಮ್ಮಿ ಹಾಸಿಗೆ ಹಿಡಿದ. ಕಲಬುರಗಿಯ ಆಸ್ಪತ್ರೆಗೆ ಒಯ್ದೆವು. ಎದೆಯ ಎಕ್ಸರೇ ತೆಗೆದರು. ಡಾಕ್ಟರು ಆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಅವ್ವನಿಗೆ ತೋರಿಸಿದರು. ಕಪ್ಪಾಗಿರುವುದು ಗಾಳಿ, ಅದು ಇರಬೇಕಾದ್ದೇ, ಇಲ್ಲಿ ಕೆಳಗೆ ಬೆಳ್ಳಗೆ ಹರಡಿದೆಯಲ್ಲ, ಅದು ಇರಬಾರದ್ದು ಎಂದರು. ಹೆಗಲ ಎಲುಬು ಯಾಕೆ ಸೊಟ್ಟ ಎಂದೂ ಕೇಳಿದರು, ಅವ್ವ ಚೀಲದ ಕತೆ ಹೇಳಿದಳು. ನಾನು ಪಕ್ಕದಲ್ಲೇ ಇದ್ದೆ. ಆ ಫಿಲ್ಮು ಫೈಲಿನ ಜೊತೆ ಒಳಗೆ ಹೋಯಿತು, ಮತ್ತೆ ಹೊರಗೆ ಬರಲಿಲ್ಲ. ನಾಲ್ಕು ತಿಂಗಳಿಗೆ ಅಪ್ಪ ಹೋದ. ಮನೆಯಲ್ಲಿ ಅವನದೊಂದು ಫೋಟೋ ಇರಲಿಲ್ಲ. ಪ್ರತಿ ಬುದ್ಧಪೂರ್ಣಿಮೆಗೂ ಅವ್ವ ಸ್ಟುಡಿಯೋಕ್ಕೆ ಹೋಗೋಣ ಎನ್ನುವುದು, ಅವನು ಬರುವ ವರ್ಷ ನೋಡೋಣ ಎನ್ನುವುದು. ಅವನ ಜೀವಮಾನದಲ್ಲಿ ತೆಗೆಸಿದ್ದು ಆ ಎದೆಯ ಫೋಟೋ ಒಂದೇ.

ಮಣ್ಣು ಮಾಡಿ ಬಂದ ದಿನ ಅವ್ವ ಒಂದೇ ಒಂದು ಮಾತಾಡಿದಳು. “ಅವರ ಕೈಯಾಗ ಇಟ್ಟಾಕಿ ನಾನೇ,” ಎಂದಳು. ಅಷ್ಟೇ. ಅಳಲೂ ಇಲ್ಲ. ತಿಂಗಳೊಪ್ಪತ್ತು ಬೀಡಿ ಸಿಗರೇಟು ತೆಗೆದಿಟ್ಟು ಬರೀ ಎಲೆ, ಬಾಳೆಹಣ್ಣು ಮಾರಿ ನೋಡಿದಳು. ಗಿರಾಕಿಗಳು ರಸ್ತೆ ದಾಟಿ ಎದುರಿನ ಅಂಗಡಿಗೆ ಹೋದರು. ನಾನಿನ್ನೂ ಟ್ರೇನಿಂಗಿನಲ್ಲಿದ್ದೆ, ತಮ್ಮ ಮಾಪಣ್ಣ ಹದಿನೆಂಟರ ಹುಡುಗ. ಅವ್ವ ಮತ್ತೆ ನವಿಲು, ಕೋಳಿ ಎಲ್ಲ ತಂದು ಜೋಡಿಸಿದಳು. ಅವಳನ್ನು ಅದಕ್ಕಾಗಿ ಯಾರಾದರೂ ಬೈದರೆ ಮೊದಲು ನನ್ನ ಹತ್ತಿರ ಬರಲಿ.

ಈಗ ಮಾಪಣ್ಣನ ವಿಷಯ. ಅಪ್ಪ ಹೋದ ಮೇಲೆ ಅವನು ಅದೇ ನಂದೂರಿನಲ್ಲಿ ಇನ್ನೊಂದು ದಾಲ್ ಮಿಲ್ಲು ಸೇರಿದ, ಮಶಿನ್ ನಡೆಸುವ ಕೆಲಸ. ಪಕ್ಕದ ಕೋಟನೂರಿನಲ್ಲಿ ಮನೆ ಮಾಡಿದ, ಮದುವೆಯಾದ. ಅವನು ಸಿಗರೇಟು ಸೇದುತ್ತಾನೆ ಎಂಬುದು ಕಮಲಾಪುರದ ನಾಯಿಗೂ ಗೊತ್ತಿತ್ತು. ಅಪ್ಪನದು ಬೀಡಿ, ನನ್ನದು ಫಿಲ್ಟರ್, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ನನ್ನ ಮುಂದೆ ವಾದ ಮಾಡುತ್ತಿದ್ದ. ಅವ್ವನ ಮುಂದೆ ಮಾತ್ರ ಚಕಾರವಿಲ್ಲ. ನಮ್ಮಲ್ಲಿ ಹಿರಿಯರ ಎದುರು ಸೇದುವುದಿಲ್ಲ. ಅಷ್ಟೇ ಅಲ್ಲ, ಮಗ ಸೇದುತ್ತಾನೆ ಎಂಬುದು ಹಿರಿಯರಿಗೆ ಗೊತ್ತಿದ್ದರೂ ಗೊತ್ತಿಲ್ಲದಂತೆ ಇರಬೇಕು. ಅವನು ಮುಚ್ಚಿಡುವುದು ಮರ್ಯಾದೆ, ಇವಳು ಕೇಳದಿರುವುದು ಮರ್ಯಾದೆ. ಊರಿಗೆಲ್ಲ ಸಿಗರೇಟು ಮಾರುವ ತಾಯಿ ತನ್ನ ಮಗನ ಬಾಯಲ್ಲಿ ಒಂದು ಸಿಗರೇಟನ್ನೂ ನೋಡಿರಲಿಲ್ಲ. ಭಾನುವಾರ ಊರಿಗೆ ಬಂದರೆ ಅರ್ಧ ತಾಸಿಗೊಮ್ಮೆ “ಬಸ್ ನೋಡ್ಕೊಂಡ್ ಬರ್ತೀನವ್ವ” ಎಂದು ಸ್ಟ್ಯಾಂಡಿನ ಹಿಂದೆ ಹೋಗಿ ಬರುತ್ತಿದ್ದ. ಅವನು ಹೋಗುವ ಬಸ್ಸು ಸಂಜೆ ಐದಕ್ಕೆ.

ಈ ಮರ್ಯಾದೆಗೆ ಬೆಂಕಿ ಹಾಕಬೇಕು ಎಂದು ನನಗೆ ಎಷ್ಟು ಸಲ ಅನಿಸಿದೆಯೋ. ಯಾಕೆಂದರೆ ಅವನೂ ಕೆಮ್ಮತೊಡಗಿದ್ದ. ಅಪ್ಪ ಕೆಮ್ಮಿದಂತೆಯೇ, ಕೊನೆಯಲ್ಲಿ ಒಂದು ಸಣ್ಣ ಶಿಳ್ಳೆ. ಅವ್ವ ಫೋನಿನಲ್ಲಿ ಆ ಕೆಮ್ಮು ಕೇಳುತ್ತಿದ್ದಳು. ಅವಳ ಜೀವ ಅಲ್ಲೇ ಹಿಡಿದುಕೊಂಡಿತ್ತು. ಆದರೆ ಬಿಡು ಎನ್ನಬೇಕಾದರೆ ಮೊದಲು ಸೇದುತ್ತೀ ಎನ್ನಬೇಕು. ಆ ಮಾತು ಅವಳ ಬಾಯಿಂದ ಬರುವುದಿಲ್ಲ. ನೀನೇ ಹೇಳು ಎಂದು ನನ್ನನ್ನು ಮುಂದೆ ಬಿಡುತ್ತಿದ್ದಳು, ನಾನು ಹೇಳಿದರೆ ಜಗಳವಾಗಿ ಮುಗಿಯುತ್ತಿತ್ತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು.

ಎರಡು ಸಾವಿರದ ಒಂಬತ್ತರಲ್ಲಿ ಸರಕಾರ ಹೊಸ ಕಾಯಿದೆ ತಂದಿತು. ಬೀಡಿ, ಸಿಗರೇಟು ಪ್ಯಾಕಿನ ಮೇಲೆ ಅಕ್ಷರದ ಜೊತೆಗೆ ಚಿತ್ರವೂ ಇರಬೇಕು. ಹೊಸ ಮಾಲು ಕಮಲಾಪುರಕ್ಕೆ ಬಂದಾಗ ಮಳೆಗಾಲ ಅರ್ಧ ಮುಗಿದಿತ್ತು. ಒಂದು ದಿನ ಮಧ್ಯಾಹ್ನ ನಾನು ಶಾಲೆಯಲ್ಲಿದ್ದಾಗ ಅವ್ವ ಮೊಬೈಲಿಗೆ ಫೋನ್ ಮಾಡಿದಳು. ಅವಳು ಹಾಗೆ ಶಾಲೆಯ ಹೊತ್ತಿಗೆ ಮಾಡುವವಳಲ್ಲ.

“ಯವ್ವಾ, ನಿಮ್ಮಪ್ಪನ ಫೋಟೋ ಸಿಗರೇಟ್ ಪ್ಯಾಕಿನ ಮ್ಯಾಲ ಹಾಕ್ಯಾರ,” ಎಂದಳು.

ಬಿಸಿಲಿಗೆ ತಲೆ ತಿರುಗಿರಬೇಕು ಎಂದುಕೊಂಡೆ. ಭಾನುವಾರ ಹೋಗಿ ನೋಡಿದರೆ ಅದೊಂದು ಎದೆಗೂಡಿನ ಎಕ್ಸರೇ ಚಿತ್ರ. ಕಪ್ಪು ಬಿಳುಪು, ಮಸಕು ಮಸಕು, ಹೆಬ್ಬೆಟ್ಟಿನಷ್ಟು. ನಮ್ಮ ಶಾಲೆಯ ಹೆಡ್ ಮಾಸ್ತರರು, ದಿನಕ್ಕೊಂದು ಪ್ಯಾಕು ಮುಗಿಸುವವರು, ಅದನ್ನು ತಿರುಗಿಸಿ ಮುರುಗಿಸಿ ನೋಡಿ ಇದೇನೆಂದು ತಿಳಿಯುವುದೇ ಇಲ್ಲ ಎಂದು ಒಂದು ಹಚ್ಚಿಕೊಂಡಿದ್ದರು. ಹಾಗಿತ್ತು ಅದು. ಆದರೆ ನಮ್ಮವ್ವ ಜನ್ಮದಲ್ಲಿ ನೋಡಿದ್ದು ಒಬ್ಬನ ಎದೆಯ ಒಳಗನ್ನು ಮಾತ್ರ. ಮನುಷ್ಯನ ಒಳಗು ಎಂದರೆ ಅವಳಿಗೆ ದೌಲಪ್ಪನದೇ.

ನಾನು ತಿಳಿಸಿ ಹೇಳಿದೆ. ಇದು ಸರಕಾರದ ಎಚ್ಚರಿಕೆ, ಎಲ್ಲ ಪ್ಯಾಕಿಗೂ ಒಂದೇ ಚಿತ್ರ, ಯಾರದೋ ಏನೋ, ನಮ್ಮಪ್ಪನದಾಗಲು ಹೇಗೆ ಸಾಧ್ಯ ಎಂದೆಲ್ಲ. ಅವ್ವ ಎಲೆಗೆ ಸುಣ್ಣ ಹಚ್ಚುತ್ತ ಕೇಳಿಸಿಕೊಂಡಳು. ಕೆಳಗೆ ಬೆಳ್ಳಗೆ ಹರಡಿದ್ದು ಅಲ್ಲೇ ಇದೆ, ಡಾಕ್ಟರು ಬೆರಳಿಟ್ಟು ತೋರಿಸಿದ ಜಾಗದಲ್ಲೇ ಇದೆ ಎಂದಳು. ನಾನು ದನಿ ಏರಿಸಿದೆ. ಆಗ ಅವಳು ನನ್ನ ಮುಖ ನೋಡಿದಳು. “ಅವತ್ತ ನೀ ಅಳ್ಕೋತ ನಿಂತಿದ್ದಿ, ನೋಡಿಲ್ಲ. ನಾ ನೋಡೀನಿ.” ನಿಜ. ನಾನು ಅವತ್ತು ಸೆರಗು ಬಾಯಿಗೆ ಹಿಡಿದು ಗೋಡೆ ನೋಡುತ್ತ ನಿಂತಿದ್ದೆ.

ಅವಳಿಗೆ ಬಂದದ್ದು ದುಃಖವಲ್ಲ, ಸಿಟ್ಟೂ ಅಲ್ಲ. ಹೆಮ್ಮೆ ಬಂತು. ಇಡೀ ದೇಶದಲ್ಲಿ ಸರಕಾರಕ್ಕೆ ಜನರಿಗೆ ಬುದ್ಧಿ ಹೇಳಲು ಸಿಕ್ಕವನು ತನ್ನ ಗಂಡ ಎಂದು ತಲೆ ಎತ್ತಿ ಕೂತಳು. ಚೀಲ ಹೊತ್ತವನು, ಸೊಟ್ಟ ಹೆಗಲಿನವನು, ಊರ ಹೊರಗೆ ಬೆಳೆದವನು, ಈಗ ಡಿಲ್ಲಿಯವರೆಗೂ ಎಲ್ಲರ ಕಿಸೆಯಲ್ಲೂ ಹೋಗುತ್ತಿದ್ದಾನೆ. ಖಾಲಿ ಪ್ಯಾಕುಗಳನ್ನು ದಾರಕ್ಕೆ ಪೋಣಿಸಿ, ಚಿತ್ರ ಹೊರಗೆ ಮಾಡಿ, ಅಂಗಡಿಯ ಮುಂದೆ ಅಡ್ಡಡ್ಡ ಕಟ್ಟಿದಳು.

ಇದರಲ್ಲಿ ಅವಳ ಚಾಲಾಕಿಯೂ ಇತ್ತು, ಅದನ್ನು ಹೇಳಲೇಬೇಕು. ನಮ್ಮ ಕಡೆ ಸಿಗರೇಟನ್ನು ಪ್ಯಾಕುಗಟ್ಟಲೆ ಕೊಳ್ಳುವವರು ಕಡಿಮೆ. ಒಂದು ಕೊಡ್ರಿ, ಎರಡು ಕೊಡ್ರಿ, ಅಂಗಡಿಗೆ ತೂಗುಬಿಟ್ಟ ಹಗ್ಗದ ಕಿಡಿಯಲ್ಲಿ ಹೊತ್ತಿಸಿಕೊಂಡು ಹೊರಡುತ್ತಾರೆ. ಪ್ಯಾಕು ಅಂಗಡಿಯಲ್ಲೇ ಉಳಿಯುತ್ತದೆ. ಸರಕಾರ ಚಿತ್ರ ಹಾಕಿದ್ದು ಸೇದುವವನಿಗೆ, ದಿನವಿಡೀ ಅದನ್ನು ನೋಡುವುದು ಮಾರುವವರು. ಡಿಲ್ಲಿಯಲ್ಲಿ ಕೂತವರಿಗೆ ಹೊಳೆಯದ ಇದು ಅವ್ವನಿಗೆ ಮೊದಲ ವಾರವೇ ಹೊಳೆಯಿತು. ಬಿಡಿ ಸಿಗರೇಟು ಕೇಳಿದವನಿಗೆ ಮೊದಲು ಪ್ಯಾಕು ಮುಖಕ್ಕೆ ಹಿಡಿಯುತ್ತಿದ್ದಳು. “ಮೊದಲ ನಮ್ಮವ್ರನ್ನ ನೋಡ್ರಿ. ಆಮ್ಯಾಲ ಸೇದ್ರಿ.”

ಕಮಲಾಪುರದಲ್ಲಿ ದೌಲಪ್ಪನನ್ನು ಅರಿಯದವರು ಯಾರು? ಅದೇ ಕಟ್ಟೆಯ ಮೇಲೆ ಹನ್ನೆರಡು ವರ್ಷ ಕೂತವನು. ಹೆಡ್ ಮಾಸ್ತರರಿಗೆ ಏನೂ ಅನ್ನಿಸದ ಚಿತ್ರ ಇವರಿಗೆ ಹೆಸರು ಹಿಡಿದು ಕರೆದಂತಾಯಿತು. ಅಪ್ಪನ ಜೀವದ ಗೆಳೆಯ, ಬಾಳೆಹಣ್ಣಿನ ದತ್ತಪ್ಪ, ನಲವತ್ತು ವರ್ಷದಿಂದ ಬೀಡಿ ಸೇದುವವನು. ಚಿತ್ರ ನೋಡಿದ, ಕೈಯಲ್ಲಿದ್ದ ಕಟ್ಟನ್ನು ಹಲಗೆಯ ಮೇಲೆ ಇಟ್ಟ, ದೌಲ್ಯಾ ನನ್ನನ್ನೇ ನೋಡುತ್ತಿದ್ದಾನೆ ಎಂದ. ಎಕ್ಸರೇಗೆ ಕಣ್ಣೆಲ್ಲಿಂದ ಬಂತು ಮಹಾರಾಯ ಎಂದು ನಾನು ನಕ್ಕೆ. ಅವನು ನಗಲಿಲ್ಲ. ಅವತ್ತಿನಿಂದ ಬೀಡಿ ಮುಟ್ಟಲಿಲ್ಲ. ಹೀಗೆ ಬಿಟ್ಟವರು ಒಟ್ಟು ಐದು ಜನ, ಹೆಸರು ಹೇಳಬಲ್ಲೆ. ಉಳಿದವರು ನಕ್ಕರು, ಕೆಲವರು ಈ ಹೆಂಗಸಿನ ಕಾಟ ಬೇಡವೆಂದು ಎದುರಿನ ಅಂಗಡಿ ಹಿಡಿದರು. ಪಡ್ಡೆ ಹುಡುಗರು ಬಂದು, ದೌಲಪ್ಪ ಛಾಪ ಒಂದು ಕೊಡ್ರಿ ಎಂದು ಚೇಷ್ಟೆ ಮಾಡಿದಾಗ ಎಲೆಯ ಮೇಲೆ ಚಿಮುಕಿಸುವ ನೀರನ್ನು ತಂಬಿಗೆಯಿಂದಲೇ ಎರಚಿ ಓಡಿಸಿದಳು.

ಸೆಪ್ಟೆಂಬರಿನ ಮೊದಲ ಭಾನುವಾರ ಮಾಪಣ್ಣ ಬಂದ. ನಾನೂ ಇದ್ದೆ. ರೊಟ್ಟಿ, ಪುಂಡಿಪಲ್ಯ ಉಂಡು ಅಂಗಡಿಯ ಕಟ್ಟೆಗೆ ಬಂದು ಕೂತೆವು. ಅವನು ತೂಗುವ ಪ್ಯಾಕುಗಳನ್ನು ನೋಡಿದ, ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಬಸ್ಸು ನೋಡಿ ಬರುತ್ತೇನೆಂದು ಎದ್ದ. ಅವ್ವ ದಾರದಿಂದ ಒಂದು ಪ್ಯಾಕು ಬಿಡಿಸಿ ಅವನ ಕೈಗೆ ಕೊಟ್ಟಳು.

“ನಿಮ್ಮಪ್ಪ. ಇಟ್ಕೋ. ನಿನ್ನ ಮನ್ಯಾಗ ಅವರದೊಂದು ಫೋಟೋ ಇಲ್ಲ.”

ಅಷ್ಟೇ ಹೇಳಿದ್ದು. ಸೇದಬೇಡ ಎನ್ನಲಿಲ್ಲ, ಬಿಡು ಎನ್ನಲಿಲ್ಲ. ಹದಿಮೂರು ವರ್ಷ ಬಾಯಿಗೆ ಬಾರದ ಮಾತನ್ನು ಅವಳು ಹೇಳಿದ್ದು ಹೀಗೆ. ಮಾಪಣ್ಣ ಆ ಖಾಲಿ ಪ್ಯಾಕನ್ನು ಅಂಗಿಯ ಕಿಸೆಗೆ ಹಾಕಲು ನೋಡಿದ, ಹಿಡಿಸಲಿಲ್ಲ. ಅಲ್ಲಿ ಮೊದಲೇ ಒಂದು ತುಂಬಿದ ಪ್ಯಾಕು ಕೂತಿತ್ತು. ಅವನ ಮುಖ ಕಪ್ಪಿಟ್ಟಿತು. ಅವ್ವ ಗಿರಾಕಿಯೊಬ್ಬನಿಗೆ ಎಲೆ ಕಟ್ಟುವ ನೆಪದಲ್ಲಿ ತಲೆ ಬಗ್ಗಿಸಿಕೊಂಡಳು.

ಮುಂದಿನ ಭಾನುವಾರ ಅವನು ಬಂದು ಐದರವರೆಗೂ ಕಟ್ಟೆ ಬಿಟ್ಟು ಏಳಲಿಲ್ಲ. ಅದರ ಮುಂದಿನ ವಾರವೂ ಏಳಲಿಲ್ಲ. ದೀಪಾವಳಿಯ ಹೊತ್ತಿಗೆ ಅವನ ಹೆಂಡತಿ ನನಗೆ ಫೋನು ಮಾಡಿ ಪಿಸುಪಿಸು ಹೇಳಿದಳು: ಲವಂಗದ ಡಬ್ಬಿ ಖಾಲಿಯಾಗುತ್ತಿದೆ, ಎಲ್ಲರ ಮೇಲೂ ಹಾರಾಡುತ್ತಾರೆ, ಒಂದು ತಾಟು ಒಡೆದರು, ಆದರೆ ಅದನ್ನು ಮಾತ್ರ ಮುಟ್ಟಿಲ್ಲ. ನಾನು ಸ್ಟಾಫ್ ರೂಮಿನಲ್ಲಿ ನಿಂತುಕೊಂಡು ಅತ್ತೆ. ಕೆಮ್ಮು ಕಡಿಮೆಯಾಯಿತು, ಶಿಳ್ಳೆ ನಿಂತಿತು. ಅವ್ವ ಫೋನಿನಲ್ಲಿ ಅವನ ಜೊತೆ ಬೇಕೆಂದೇ ಉದ್ದುದ್ದ ಮಾತಾಡುತ್ತಿದ್ದಳು, ಉಸಿರು ಕೇಳಿಸಿಕೊಳ್ಳಲು.

ಅಲ್ಲಿಂದ ನನ್ನ ಪರಿಸ್ಥಿತಿ ಕೆಟ್ಟಿತು. ಸುಳ್ಳು ಹೇಳಬೇಡಿ ಎಂದು ದಿನಕ್ಕೆ ಹತ್ತು ಸಲ ಮಕ್ಕಳಿಗೆ ಹೇಳುವವಳು ನಾನು. ಈಗ ಅವ್ವನ ತಪ್ಪನ್ನು ತಿದ್ದುವುದು ಬಿಟ್ಟೆ. ಒಬ್ಬ ಗಿರಾಕಿ ನನ್ನನ್ನೇ ಕೇಳಿದ, ಖರೇನಾ ಟೀಚರ್, ಇವರು ನಿಮ್ಮಪ್ಪನಾ ಎಂದು. ಹೌದು ಎಂದೆ. ಹಾಡಹಗಲೇ, ನಾಲ್ಕು ಜನರ ಎದುರು. ತಮ್ಮನ ಎದೆ ಸರಿಹೋಗುವುದಾದರೆ ಇಂಥ ಹತ್ತು ಸುಳ್ಳು ಹೇಳುತ್ತೇನೆ ಎಂದುಕೊಂಡೆ.

ಡಿಸೆಂಬರಿನ ಮೊದಲ ವಾರ ಅವ್ವ ಮುಂಜಾನೆಯ ಬಸ್ಸಿಗೆ ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಗೆ ಬಂದಿಳಿದಳು. ಸೆರಗಿನ ತುದಿಯಲ್ಲಿ ಒಂದು ಪ್ಯಾಕು ಗಂಟು ಹಾಕಿದ್ದಳು. ಆಸ್ಪತ್ರೆಗೆ ಹೋಗಬೇಕು ಎಂದಳು. ಸರಕಾರ ಈ ಫೋಟೋ ಹಾಕಿದೆ ಎಂದರೆ ಅಸಲು ಆಸ್ಪತ್ರೆಯಲ್ಲಿ ಇರಲೇಬೇಕು, ಅದನ್ನು ಕೇಳಿ ತಂದು ಕಟ್ಟು ಹಾಕಿಸಿ ಮನೆಯಲ್ಲಿ ಬುದ್ಧನ ಪಕ್ಕ ಇಡಬೇಕು. ನಾನು ಏನೇನೋ ನೆಪ ಹೇಳಿದೆ. ಕಿವಿಗೆ ಹಾಕಿಕೊಳ್ಳಲಿಲ್ಲ. ರಜೆ ಚೀಟಿ ಕಳಿಸಿ ಅವಳ ಹಿಂದೆ ಹೊರಟೆ.

ಎಕ್ಸರೇ ವಿಭಾಗದಲ್ಲಿ ಗುಲ್ಶನ್ ಎಂಬ ಹೆಣ್ಣುಮಗಳು ಇದ್ದಳು, ಇಪ್ಪತ್ತು ವರ್ಷದಿಂದ ಅದೇ ಕೆಲಸ. ಅವ್ವ ಅವಳಿಗೆ ಕೈ ಮುಗಿದಳು. “ನಮ್ಮವ್ರ ಫೋಟೋ ಸರಕಾರದವ್ರಿಗೆ ಕೊಟ್ಟೀರಿ, ಭಾಳ ಚಲೋ ಮಾಡೀರಿ ತಾಯಿ. ನನಗೂ ಒಂದು ಕೊಡ್ರಿ.”

ನಾನು ಗುಲ್ಶನ್ ಮುಖವನ್ನೇ ನೋಡುತ್ತಿದ್ದೆ. ಅವಳು ನಕ್ಕಿದ್ದರೆ ಅಲ್ಲೇ ಕುತ್ತಿಗೆ ಹಿಡಿಯುತ್ತಿದ್ದೆ. ಅವಳು ನಗಲಿಲ್ಲ. ಪ್ಯಾಕು ಇಸಿದುಕೊಂಡು ನೋಡಿ, ಅವ್ವನನ್ನು ಸ್ಟೂಲಿನ ಮೇಲೆ ಕೂರಿಸಿ, ಸಾವಕಾಶ ಹೇಳಿದಳು. ಅಷ್ಟು ಹಳೆಯ ಫಿಲ್ಮುಗಳು ಉಳಿಯುವುದಿಲ್ಲ, ಅವುಗಳಲ್ಲಿ ಬೆಳ್ಳಿ ಇರುತ್ತದೆ, ಬೆಳ್ಳಿ ತೆಗೆಯುವವರು ಕಟ್ಟುಗಟ್ಟಲೆ ಒಯ್ಯುತ್ತಾರೆ. ಒಳಗಿನಿಂದ ಎಲ್ಲರೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತಾರಮ್ಮ ಎಂದು, ಅದನ್ನು ತೋರಿಸಲಿಕ್ಕೇ ಇರಬೇಕು, ಗೋಡೆಯ ದೀಪದ ಪೆಟ್ಟಿಗೆಗೆ ಯಾವುದೋ ರೋಗಿಯ ಫಿಲ್ಮು ಸಿಕ್ಕಿಸಿ ದೀಪ ಹಾಕಿದಳು.

ಅವ್ವ ಎದ್ದು ಹತ್ತಿರ ಹೋದಳು. ಪಕ್ಕೆಲುಬುಗಳನ್ನು ಒಂದೊಂದಾಗಿ ಬೆರಳಿನಲ್ಲಿ ಮುಟ್ಟುತ್ತ ಮೇಲೆ ಹೋದಳು. ಕೊರಳ ಕೆಳಗೆ ಎರಡೂ ಕಡೆ ಅಡ್ಡ ಇದ್ದ ಎಲುಬಿನ ಮೇಲೆ ಬೆರಳು ನಿಂತಿತು. ಇವೇನು ಎಂದು ಕೇಳಿದಳು. ಹೆಗಲಿನ ಎಲುಬು ಎಂದಳು ಗುಲ್ಶನ್. ಅವ್ವ ಪ್ಯಾಕನ್ನು ಅದೇ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಬಹಳ ಹೊತ್ತು ನೋಡಿದಳು. ಪ್ಯಾಕಿನ ಮೇಲಿನ ಮನುಷ್ಯನ ಎರಡೂ ಎಲುಬು ನೆಟ್ಟಗಿದ್ದವು. ಅಂಗಡಿಯ ಮಸಕಿನಲ್ಲಿ ಅವಳು ಬರೀ ಕೆಳಗಿನ ಬಿಳುಪನ್ನು ನೋಡಿದ್ದಳು, ಮೇಲೆ ನೋಡಿರಲಿಲ್ಲ.

“ಇವರಲ್ಲ,” ಎಂದಳು.

ಯಾರೂ ಅವಳಿಗೆ ಹೇಳಲಿಲ್ಲ. ಡಾಕ್ಟರಲ್ಲ, ಟೀಚರಲ್ಲ, ಅವಳೇ ನೋಡಿ ಅವಳೇ ತಿದ್ದಿಕೊಂಡಳು. ಹಾಗಾದರೆ ಇದು ಯಾರದು ಎಂದು ಕೇಳಿದಳು, ಅದು ಯಾರಿಗೂ ಗೊತ್ತಿಲ್ಲ ಎಂದಳು ಗುಲ್ಶನ್. ಯಾರದೋ ಮನೆಯವನು ಇರಬೇಕಲ್ಲ ಎಂದು ಅವ್ವ ಪ್ಯಾಕನ್ನು ಮತ್ತೆ ಸೆರಗಿಗೆ ಗಂಟು ಹಾಕಿಕೊಂಡಳು.

ಅಂಗಡಿಯಲ್ಲಿ ಅವಳು ಮರುದಿನ ಏನು ಮಾಡಿದಳು ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಬಂದ ಗಿರಾಕಿಗಳಿಗೆಲ್ಲ, ನಾ ತಪ್ಪು ತಿಳಿದಿದ್ದೆ, ಇವರು ನಮ್ಮವರಲ್ಲ ಎಂದು ಒಪ್ಪಿಕೊಂಡಳು. ಬಿಟ್ಟ ಐವರಲ್ಲಿ ಇಬ್ಬರು ಮತ್ತೆ ಹಚ್ಚಿದರು. ದತ್ತಪ್ಪ ಮಾತ್ರ, ದೌಲ್ಯಾ ಅಲ್ಲದಿದ್ದರೆ ಮತ್ತ್ಯಾರೋ ನೋಡುತ್ತಿದ್ದಾನೆ ಬಿಡು ಎಂದು ತನ್ನ ಹಟ ಬಿಡಲಿಲ್ಲ. ದಾರ ಬಿಚ್ಚಲಿಲ್ಲ ಅವ್ವ. ಅಂಗಡಿ ಮುಚ್ಚುವವರೆಗೂ ಬೀಡಿ ಸಿಗರೇಟು ಮಾರಿದಳು, ತೋರಿಸಿಯೇ ಮಾರಿದಳು.

ಆದರೆ ಅವತ್ತು ಆಸ್ಪತ್ರೆಯ ಹೊರಗೆ ಬೇವಿನ ಗಿಡದ ಕೆಳಗೆ ನನಗಿದ್ದ ಚಿಂತೆ ಒಂದೇ. ಅವ್ವ ಕಲ್ಲುಬೆಂಚಿನ ಮೇಲೆ ಕೂತವಳು ಎದ್ದು, ಕೋಟನೂರಕ್ಕೆ ನಡಿ, ಮಾಪಣ್ಣನಿಗೆ ಹೇಳಬೇಕು ಎಂದಳು. ನನ್ನ ಜೀವ ಹೋಯಿತು. ಮೂರು ತಿಂಗಳಾಗಿದೆ, ಅಪ್ಪ ಎಂದುಕೊಂಡೇ ಬಿಟ್ಟಿದ್ದಾನೆ, ಅಲ್ಲ ಎಂದು ಗೊತ್ತಾದರೆ ಇವತ್ತೇ ಸಂಜೆ ಹಚ್ಚುತ್ತಾನೆ ಎಂದೆ. ಆಟೋದಲ್ಲಿ ದಾರಿಯುದ್ದಕ್ಕೂ ಬೇಡಿಕೊಂಡೆ, ಬೈದೆ, ಮತ್ತೆ ಬೇಡಿಕೊಂಡೆ. ಆಟೋದವನು ಕನ್ನಡಿಯಲ್ಲಿ ನೋಡುತ್ತಿದ್ದ, ನಿನ್ನ ರಸ್ತೆ ನೀನು ನೋಡು ಎಂದು ಅವನಿಗೂ ಹೇಳಿದೆ. ಅವ್ವ ಕೊನೆಗೆ ಒಂದು ಮಾತಾಡಿದಳು. “ಆಂವ ಅಪ್ಪನ ಹೆಸರಿನ ಮ್ಯಾಲ ಬಿಟ್ಟಾನ. ಆ ಹೆಸರಿನಾಗ ಸುಳ್ಳ ಇರಬಾರ್ದು.”

ಮಗ ಸೇದುತ್ತಿದ್ದನೆಂದು ತನಗೆ ಗೊತ್ತು ಎಂಬುದನ್ನು ಅವಳು ಬಾಯಿಬಿಟ್ಟದ್ದು ಅದೇ ಮೊದಲು. ಹಾಗೆ ಬಾಯಿಬಿಟ್ಟದ್ದು ಅವಳಿಗೂ ತಿಳಿದಿರಲಿಲ್ಲವೇನೋ.

ಮಾಪಣ್ಣ ಮೊದಲ ಪಾಳಿ ಮುಗಿಸಿ ಮನೆಗೆ ಬಂದಿದ್ದ, ಕೂದಲ ತುಂಬ ಬೇಳೆಯ ಹೊಟ್ಟು. ನಮ್ಮಿಬ್ಬರನ್ನು ಒಟ್ಟಿಗೆ ನೋಡಿ ಗಾಬರಿಯಾದ. ಅವ್ವ ಕೂರಲೂ ಇಲ್ಲ, ನೀರೂ ಮುಟ್ಟಲಿಲ್ಲ. ಗಂಟು ಬಿಚ್ಚಿ ಪ್ಯಾಕನ್ನು ಅವನ ಮುಂದೆ ಇಟ್ಟಳು. ಆಸ್ಪತ್ರೆಯಲ್ಲಿ ನೋಡಿದ್ದನ್ನೆಲ್ಲ ಹೇಳಿದಳು. ಎಲುಬು ನೆಟ್ಟಗಿದೆ, ಇದು ನಿಮ್ಮಪ್ಪನಲ್ಲ, ನಾನೇ ತಪ್ಪು ಹೇಳಿದೆ ಎಂದಳು. ಊರಿಗೆಲ್ಲ ತಲೆ ಎತ್ತಿ ಮಾತಾಡುವ ನನ್ನವ್ವ ಮಗನ ಮುಂದೆ ತಪ್ಪಿತಸ್ಥಳ ಹಾಗೆ ನಿಂತಿದ್ದಳು. ನನಗೆ ನೋಡಲಾಗಲಿಲ್ಲ.

ಮಾಪಣ್ಣ ನೆಲ ನೋಡುತ್ತ ಮೆಲ್ಲಗೆ ಹೇಳಿದ.

“ಅಪ್ಪಂದಲ್ಲಂತ ನನಗ ಅವತ್ತೇ ಗೊತ್ತಿತ್ತವ್ವ. ಆ ಹೆಗಲಿಗಿ ದಿನಾ ಎಣ್ಣಿ ತಿಕ್ಕಿದಾಂವ ನಾನು. ಬಸ್ಸಿನಾಗ ಎರಡೂ ಪ್ಯಾಕು ತಗದು ನೋಡಿದೆ, ನೀ ಕೊಟ್ಟಿದ್ದು, ನನ್ನ ಕಿಸೆದಾಗಿಂದು. ಇದು ಅಪ್ಪಂದಲ್ಲ, ಮತ್ತ್ಯಾರದು ಅಂತ ವಿಚಾರ ಮಾಡ್ದೆ. ನಂದೇ ಅನಸ್ತು. ಅವತ್ತೇ ಬಿಟ್ಟೆ.”

ನಾನು ಮೂರು ತಿಂಗಳು ಕಾಪಾಡಿದ ಸುಳ್ಳು ಯಾರಿಗೂ ಬೇಕಾಗಿರಲಿಲ್ಲ. ತಮ್ಮನ ಮೇಲೆ ನನಗೆ ಅವತ್ತು ಬಂದ ಹೆಮ್ಮೆ ಅವನು ಹುಟ್ಟಿದಾಗಿನಿಂದ ಬಂದಿರಲಿಲ್ಲ. ಆದರೆ ಅವ್ವನ ಮುಖ ಇನ್ನೂ ಬಿಗಿದೇ ಇತ್ತು. ಅವಳು ಅವನೆದುರು ನೆಲಕ್ಕೆ ಕೂತಳು. ಇಷ್ಟು ವರ್ಷ ಗೊತ್ತಿಲ್ಲದವಳ ಹಾಗೆ ಇದ್ದವಳು, ಎಲ್ಲ ಮರ್ಯಾದೆ ಬದಿಗಿಟ್ಟು, ಮಗನನ್ನು ನೇರವಾಗಿ ಕೇಳಿದಳು.

“ನನ್ನ ಅಂಗಡಿದು ಒಂದಾದ್ರೂ ಸೇದಿದ್ಯೇನು?”

“ಇಲ್ಲವ್ವ,” ಎಂದ ಮಾಪಣ್ಣ. “ಒಂದೂ ಇಲ್ಲ.”

ಅವ್ವ ಅವನ ಎದೆಯ ಮೇಲೆ ಅಂಗೈ ಇಟ್ಟಳು. ಅಪ್ಪ ಹೋದಾಗ ಅಳದವಳು ಈಗ ದನಿ ತೆಗೆದು ಅತ್ತಳು, ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಲ್ಲುವ ಹಾಗೆ ಅತ್ತಳು. ನಾವಿಬ್ಬರೂ ಅವಳನ್ನು ತಡೆಯಲಿಲ್ಲ.